ಹೊಲಿದ ಆಯೇರ

ಅಂಗಡಿ ತೆರೆದ ದಿನ ನನ್ನ ಕಿಸೆಯಲ್ಲಿ ಉಳಿದದ್ದು ಗೋಕಾಕದಿಂದ ಮೂಡಲಗಿಗೆ ಹೋಗಿ ಬರುವಷ್ಟು ಬಸ್ಸಿನ ದುಡ್ಡು. ಮಿಕ್ಕದ್ದೆಲ್ಲ ಕಪಾಟಿನಲ್ಲಿತ್ತು, ಗೋಡೆಯ ಮೇಲಿತ್ತು, ಹೊರಗೆ ಹೊಳೆಯುವ ಬೋರ್ಡಿನಲ್ಲಿತ್ತು. ನೋಡಿ ನನಗೆ ಹೆದರಿಕೆ ಆಗಲಿಲ್ಲ, ಖುಷಿಯಾಯಿತು. ದುಡ್ಡು ಬ್ಯಾಂಕಿನಲ್ಲಿ ಮಲಗಿಲ್ಲ, ಎದ್ದು ದುಡಿಯುತ್ತಿದೆ ಎಂದುಕೊಂಡೆ.

ನಾನು ಟೇಲರ್. ಐದನೇ ಇಯತ್ತೆಗೆ ಶಾಲೆ ಬಿಟ್ಟು ಗುಂಡಿ ಕಾಜಾ ಹಾಕಲು ಕೂತವನು. ಬಟ್ಟೆ ಅಂಗಡಿಗಳ ಕಟ್ಟೆಯ ಮೇಲೆ ವರ್ಷಗಟ್ಟಲೆ ಹೊಲಿದೆ. ಒಳಗೆ ಸಾಹುಕಾರರು ಬಟ್ಟೆ ಹರಿದು ಕೊಡುತ್ತಿದ್ದರು, ಹೊರಗೆ ನಾವು ಅಳತೆ ಹಿಡಿಯುತ್ತಿದ್ದೆವು. ಅವರ ಗಿರಾಕಿ, ಅವರ ನೆರಳು. ಕೂಡಿಸಿ ಕೂಡಿಸಿ ಕಡೆಗೆ ನನ್ನದೇ ಒಂದು ಸಣ್ಣ ಖೋಲಿ ಹಿಡಿದೆ. ಅವತ್ತೇ ನಿಶ್ಚಯ ಮಾಡಿದ್ದೆ, ಸತ್ತರೂ ಇನ್ನೊಬ್ಬರ ಕಟ್ಟೆ ಹತ್ತುವುದಿಲ್ಲ ಅಂತ. ಆ ಹಟವೇ ಮುಂದೆ ಬೆಳೆದು ಬ್ರ್ಯಾಂಡ್ ಆಯಿತು.

ನಮ್ಮ ಕಡೆ ಲಗ್ನದಲ್ಲಿ ಆಯೇರ ಮಾಡುವುದಿದೆ. ಬೀಗರಿಗೆ, ಬಂಧುಗಳಿಗೆ, ಬಂದ ಹಿರಿಯರಿಗೆ ಬಟ್ಟೆ ಕೊಡುವುದು. ಹೆಂಗಸರಿಗೆ ಸೀರೆ, ಕುಪ್ಪಸದ ಖಣ. ಗಂಡಸರಿಗೆ ಟವೆಲ್ಲು, ಟೋಪಿ, ಜೊತೆಗೊಂದು ಶರ್ಟ್ ಪೀಸು. ಲಗ್ನ ಮುಗಿಯುವಾಗ ಎರಡೂ ಮನೆಗಳಲ್ಲಿ ಪೀಸಿನ ರಾಶಿ. ಆದರೆ ಆ ರಾಶಿಯಿಂದ ಒಂದೆರಡು ಬಿಟ್ಟರೆ ಹೊಲಿಗೆಗೆ ನನ್ನ ಹತ್ತಿರ ಬರುತ್ತಿರಲಿಲ್ಲ. ಯಾಕೆ? ಹೊಲಿಗೆಯ ಕೂಲಿ ಪೀಸಿನ ಬೆಲೆಗಿಂತ ಹೆಚ್ಚು, ಅದಕ್ಕೇ ಜನ ಹೊಲಿಸುವುದಿಲ್ಲ ಎಂದು ನಾನು ತಿಳಿದೆ. ಹಾಗಾದರೆ ಹೊಲಿದ ಬಿಳಿ ಅಂಗಿಯನ್ನೇ ಚೆಂದದ ಡಬ್ಬಿಯಲ್ಲಿಟ್ಟು ಕೊಟ್ಟರೆ? ಕೊರಳಪಟ್ಟಿಯ ಒಳಗೆ ನಮ್ಮದೇ ಹೆಸರಿನ ಪಟ್ಟಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಒಂದು ಸುಗ್ಗಿಯ ಲಗ್ನಗಳು ಸಾಕು ಅನ್ನಿಸಿತು.

ಒಂದು ಅಂಗಿಗೆ ಬಟ್ಟೆ ಎಷ್ಟು, ನೂಲು ಎಷ್ಟು, ಗುಂಡಿ ಎಷ್ಟು ಎಂದು ಲೆಕ್ಕ ಹಾಕಿದ್ದೆ. ಆ ಲೆಕ್ಕ ಇವತ್ತು ತೆಗೆದರೂ ಸರಿಯಾಗಿಯೇ ಇದೆ. ಆದರೆ ಅಂಗಿ ಮಾರಾಟವಾಗುವ ತನಕ ನಾವು ಉಣ್ಣಬೇಕು, ಬಾಡಿಗೆ ಕಟ್ಟಬೇಕು. ಅದನ್ನು ನಾನು ಯಾವ ಅಂಗಿಯ ಮೇಲೂ ಹಾಕಿರಲಿಲ್ಲ. ಇನ್ನು ಡಬ್ಬಿ. ಸ್ವಲ್ಪ ಮಾಡಿಸಿದರೂ ಬಹಳ ಮಾಡಿಸಿದರೂ ಅಚ್ಚಿನ ಖರ್ಚು ಒಂದೇ, ಬಹಳ ತೊಗೊಂಡರೆ ಒಂದೊಂದು ನಗಕ್ಕೆ ಅಗ್ಗ ಬೀಳುತ್ತದೆ ಎಂದರು ಪ್ರೆಸ್ಸಿನವರು. ಅಗ್ಗ ಎಂದು ಬಹಳ ತೊಗೊಂಡೆ. ಹೆಸರಿನ ಪಟ್ಟಿಯೂ ಹಾಗೇ. ಅಗ್ಗದ್ದನ್ನೇ ಕೊಳ್ಳುತ್ತ ಹೋಗಿ ಅರ್ಧ ಬಂಡವಾಳ ರಟ್ಟಿನಲ್ಲಿ ಕೂತಿತು. ಗೋಕಾಕದ ಬಜಾರಿನಲ್ಲಿ ಡಿಪಾಜಿಟ್ಟು ಕಟ್ಟಿ ದೊಡ್ಡ ಅಂಗಡಿ ಹಿಡಿದು, ಹಳೆಯ ಖೋಲಿ ಬಿಟ್ಟುಕೊಟ್ಟೆ.

"ಮೊದಲ ಒಂದ್ ಹತ್ತು ಹೊಲೀರಿ. ಯಾವುದರೆ ಲಗ್ನದ ಮನಿಗೆ ಕೊಟ್ಟು ನೋಡೂಣು," ಎಂದಳು ಹೆಂಡತಿ.

"ಹತ್ತು ಅಂಗಿ ಹೊಲದ್ರ ಅದಕ್ಕ ಬ್ರ್ಯಾಂಡ್ ಅನ್ನೂದಿಲ್ಲ. ಟೇಲರ್ ಅಂತಾರ."

"ಮತ್ತ ನೀವೇನ್ ತಹಶೀಲ್ದಾರ್ರ?"

ಇಬ್ಬರೂ ನಕ್ಕೆವು. ನಕ್ಕು ನಾನು ಥಾನುಗಟ್ಟಲೆ ಬಟ್ಟೆ ಕತ್ತರಿಸಿದೆ. ನಾನು ಹೊಲಿದೆ, ಅವಳು ಗುಂಡಿ ಹಚ್ಚಿದಳು. ಹಳೆಯ ಗಿರಾಕಿಗಳು ಪ್ಯಾಂಟು ಗಿಡ್ಡ ಮಾಡಿಸಲು ಬಂದರೆ, ಈಗ ಅಳತೆ ತೊಗೊಳ್ಳುವುದನ್ನು ಬಿಟ್ಟಿದ್ದೇನೆ ಎಂದು ಕಳಿಸಿದೆ. ದಿನದ ಎಣ್ಣೆ-ಉಪ್ಪು ಆ ಪ್ಯಾಂಟುಗಳಿಂದಲೇ ನಡೆಯುತ್ತಿತ್ತು.

ಮೊದಲ ದೊಡ್ಡ ಗಿರಾಕಿ ಕುಲಗೋಡದಿಂದ ಬಂದರು. ಮಗಳ ಲಗ್ನ ಹಿಡಿದ ಹಿರಿಯರು, ಸಂಗಡ ಅವರ ತಮ್ಮಂದಿರು. ಚಹಾ ತರಿಸಿದೆ. ಡಬ್ಬಿ ಬಿಚ್ಚಿ ಅಂಗಿ ಹಾಸಿದೆ. ಹಿರಿಯರು ಹೊಲಿಗೆಯ ಗುಂಟ ಬೆರಳಾಡಿಸಿದರು.

"ಹೊಲಗಿ ಭಾರಿ ಐತಿ. ಇದು ಯಾರ ಅಳತಿ?"

"ನಲವತ್ತರದು ಕಾಕಾ. ನಲವತ್ನಾಲ್ಕರ ತನಕ ಎಲ್ಲಾ ಅದಾವ."

"ನಮ್ಮ ಬೀಗರ ಹೊಟ್ಟಿ ನೋಡೀಯೇನ್ ನೀ? ನಲವತ್ನಾಲ್ಕರಾಗ ಅವರದೊಂದು ತೋಳ ಹೋಗತೈತಿ ಅಷ್ಟ." ತಮ್ಮಂದಿರು ಚಹಾ ಚೆಲ್ಲುವಂತೆ ನಕ್ಕರು.

"ಅಳತಿ ಹೇಳ್ರಿ, ಹೊಲದು ಕೊಡತೇನಿ."

"ಏ ತಮ್ಮಾ, ಬೀಗರ ಮನಿಗೆ ಹೋಗಿ ಹೊಟ್ಟಿ ಅಳೀಲೇನ? ಸಣ್ಣದಾದ್ರ ನಮ್ಮನ್ನ ಚಾಷ್ಟಿ ಮಾಡಿ ನಕ್ಕಾರ ಅಂತಾರ. ದೊಡ್ಡದಾದ್ರ ನಮ್ಮನ್ನೇನ್ ಕೋಣ ಅಂತ ತಿಳದಾರೇನ ಅಂತಾರ. ಪೀಸ್ ಆದ್ರ ಯಾರಿಗೂ ನಡೀತೈತಿ. ಅವರರೆ ಎಲ್ಲಿ ಹೊಲಿಸ್ತಾರ? ಮುಂದಿನ ಲಗ್ನದಾಗ ಇನ್ನೊಬ್ಬರ ಕೈಯಾಗ ಇಡತಾರ. ಹೊಲದದ್ದನ್ನ ಯಾರ ಕೈಯಾಗ ಇಡಬೇಕ ಹೇಳು?"

"ಹಾಕ್ಕೊಳಾಕಂತ ಕೊಡೂದಲ್ಲೇನ್ರಿ ಅದು?"

"ಆಯೇರ ಹಾಕ್ಕೊಳಾಕಲ್ಲೋ, ಮುಟ್ಟಸಾಕ."

ಚಹಾ ಕುಡಿದು, ಎದುರಿನ ಅಂಗಡಿಗೆ ಹೋಗಿ ಪೀಸುಗಳ ಗಂಟು ಕಟ್ಟಿಸಿಕೊಂಡು ಹೋದರು. ನಾನು ಹಾಸಿದ ಅಂಗಿಯನ್ನು ಮಡಿಚಿ ಡಬ್ಬಿಗೆ ಹಾಕಿದೆ. ನಮ್ಮ ಮನೆಯ ಟ್ರಂಕಿನಲ್ಲೂ ಆಯೇರದ ಪೀಸುಗಳಿದ್ದವು. ನಾದಿನಿಯ ಲಗ್ನದಲ್ಲಿ ಬಂದದ್ದನ್ನು ಅತ್ತೆಯ ಊರಿನ ಲಗ್ನಕ್ಕೆ ಕೊಟ್ಟವರು ನಾವೇ. ನಾನು ಟೇಲರ್, ಕೂಲಿಯ ಖರ್ಚಿಲ್ಲ, ಆದರೂ ಒಂದನ್ನೂ ಹೊಲಿದುಕೊಂಡಿರಲಿಲ್ಲ. ಕತ್ತರಿ ಬಿದ್ದರೆ ಅದು ಮುಂದೆ ನಡೆಯುವುದಿಲ್ಲ ಎಂಬುದು ನನ್ನ ಕೈಗೆ ಗೊತ್ತಿತ್ತು. ಬಂಡವಾಳ ಹಾಕುವಾಗ ಮಾತ್ರ ನೆನಪಾಗಲಿಲ್ಲ.

ಆಮೇಲೆ ಮೇಲವಂಕಿಯವರು, ನಾಗನೂರಿನವರು ಬಂದರು. ಮಾತು ಬೇರೆ ಬೇರೆ, ಅರ್ಥ ಅದೇ. ಎರಡು ಚೀಲದಲ್ಲಿ ಡಬ್ಬಿ ತುಂಬಿ ಬಸ್ಸಿನಲ್ಲಿ ಮೂಡಲಗಿಗೆ ಹೋದೆ, ಹುಕ್ಕೇರಿಗೆ ಹೋದೆ. "ಇಟ್ಟ್ ಹೋಗ್ರಿ, ಮಾರಿದ್ರ ರೊಕ್ಕ ಕೊಡೂಣು" ಎಂದರು ಅಂಗಡಿಯವರು. ಇಟ್ಟು ಬಂದೆ. ಬಿಳಿ ಬಟ್ಟೆ ಕಪಾಟಿನಲ್ಲಿ ಬಹಳ ದಿನ ಬಾಳುವುದಿಲ್ಲ. ಬಿಚ್ಚಿ ನೋಡಿದವರ ಬೆರಳು ಕೊರಳಪಟ್ಟಿಯ ಮೇಲೆ ಕೂರುತ್ತದೆ, ಮಡಿಕೆಯ ಗುಂಟ ಹಳದಿ ಹತ್ತುತ್ತದೆ. ಹೋದದ್ದೆಲ್ಲ ಹಾಗೇ ತಿರುಗಿ ಬಂತು. ತೊಳೆದು ಇಸ್ತ್ರಿ ಮಾಡಿದರೆ ಹೊಸದೆನ್ನುವಂತಿಲ್ಲ.

ಅಳತೆಗಾದರೂ ಕೂರೋಣ ಎಂದರೆ ಹಳೆಯ ಗಿರಾಕಿಗಳು ಬೇರೆ ಕಡೆ ರೂಢಿಯಾಗಿದ್ದರು. ಬಾಡಿಗೆಯನ್ನು ಡಿಪಾಜಿಟ್ಟಿನಲ್ಲಿ ಮುರಿದುಕೊಳ್ಳಲು ಮಾಲೀಕರಿಗೆ ಹೇಳಿದೆ. ತಿಂಗಳಾದಂತೆ ಅಂಗಡಿ ನನ್ನ ಕೆಳಗಿನಿಂದ ಸರಿಯುತ್ತಿರುವುದು ಗೊತ್ತಾಗುತ್ತಿತ್ತು. ಹೆಂಡತಿ ಒಂದು ದಿನವೂ "ನಾ ಹೇಳಿದ್ದೆ" ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಡಿಪಾಜಿಟ್ಟು ತೀರಿದ ತಿಂಗಳು ಕೀಲಿ ಕೊಟ್ಟೆ. ಅಂಗಿಗಳನ್ನು ಮೂಡಲಗಿ ಸಂತೆಯಲ್ಲಿ ಕೂಗಿ ಮಾರುವವನೊಬ್ಬ ಬಟ್ಟೆಯ ಬೆಲೆಗಿಂತ ಕಮ್ಮಿಗೆ ಎತ್ತಿಕೊಂಡ. ಡಬ್ಬಿ ಬೇಡ, ಜಾಗ ತಿನ್ನುತ್ತವೆ ಎಂದ.

ಗೋಕಾಕದಲ್ಲಿ ಕಟ್ಟೆ ಕೇಳಲು ಮನಸ್ಸು ಬರಲಿಲ್ಲ, ಎಲ್ಲರೂ ಗುರುತಿನವರು. ಹುಕ್ಕೇರಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೇಳಿದೆ. ಸಾಹುಕಾರರು ವಯಸ್ಸಿನಲ್ಲಿ ನನಗಿಂತ ಸಣ್ಣವರು.

"ಬರ್ರಿ, ಟೇಲರ್ ಬೇಕ ಆಗಿತ್ತು ನಮಗ. ಪಗಾರ ಇಲ್ಲ ಮತ್ತ, ನಗದ ಮ್ಯಾಲ, ಹೊಲದಷ್ಟ ಕೂಲಿ."

"ಹೂಂ," ಎಂದೆ. "ಮಷೀನ್ ರಸ್ತಾದ ಕಡೆ ಮುಖ ಮಾಡಿ ಇಡಲೇನ್ರಿ?"

"ಬ್ಯಾಡ್ರಿ, ಗಿರಾಕಿ ಹತ್ತೂ ಹಾದಿಗೆ ಅಡ್ಡ ಆಗತೈತಿ. ಗ್ವಾಡಿ ಕಡೆ ಮಾಡ್ರಿ."

ಗೋಡೆಯ ಕಡೆ ಮಾಡಿದೆ. ಅವತ್ತಿನಿಂದ ದಿನಾ ಮುಂಜಾನೆಯ ಬಸ್ಸು ಹಿಡಿಯುತ್ತೇನೆ. ನನ್ನ ಹೊಲಿಗೆಗೆ ಅಲ್ಲಿಯೂ ಯಾರೂ ಹೆಸರಿಟ್ಟು ತಪ್ಪು ತೆಗೆದಿಲ್ಲ. ಕೆಲಸ ಕೆಟ್ಟಿದ್ದರೆ ತಿದ್ದಿಕೊಳ್ಳಬಹುದಿತ್ತು. ಹಿಂದಿನಿಂದ "ಏ ಟೇಲರ್" ಎಂದು ಕೂಗುತ್ತಾರೆ, ತಿರುಗಿ ಅಳತೆ ತೊಗೊಳ್ಳುತ್ತೇನೆ, ಮತ್ತೆ ಗೋಡೆಗೆ ಮುಖ ಮಾಡುತ್ತೇನೆ. ಗೋಕಾಕದ ಕಡೆಯವರ ದನಿ ಕೇಳಿದರೆ ಮಾತ್ರ ತಿರುಗುವುದಿಲ್ಲ, ಮಷೀನಿನ ಸದ್ದು ನಿಲ್ಲಿಸುವುದಿಲ್ಲ. ಅವರು ಕಟ್ಟೆ ಇಳಿದು ಹೋಗುವ ತನಕ ನೂಲಿಲ್ಲದಿದ್ದರೂ ಕಾಲು ಆಡಿಸುತ್ತಲೇ ಇರುತ್ತೇನೆ.