ಹಾಲಿನ ಪುಟ್ಟತಾಯಮ್ಮ

ಹೊಳೆನರಸೀಪುರದಲ್ಲಿ ಹಾಲು ಮಾರುವ ಪುಟ್ಟತಾಯಮ್ಮನ ಕಾಲು ಒಂದೆಡೆ ನಿಂತದ್ದನ್ನು ಕಂಡವರಿಲ್ಲ. "ನಮ್ ಅಸೀನ ಆಲು ಕುಡುದ್ರೆ ಮುದುಕ್ರೂ ಎದ್ದು ಓಡ್ತಾರೆ ಕಣವ್ವಾ!" ಎಂದು ಮನೆಮನೆಯಲ್ಲೂ ಹೊಗಳುವಳು. ಆದರೆ ತಾಯಿಯಿಲ್ಲದ ಮೊಮ್ಮಗಳಿಗೆ ಅದೇ ಹಾಲು ಒಂದು ಗುಟುಕು ಇಳಿದರೂ ವಾಂತಿ, ಮೈತುಂಬ ದದ್ದು. ಮೇಕೆ ಹಾಲು, ಹಾಸನದಿಂದ ತರಿಸಿದ ಡಬ್ಬಿ ಹಾಲಿನ ಪುಡಿ, ಯಾವುದೂ ಒಗ್ಗಲಿಲ್ಲ. ಕೂಸು ದಿನೇದಿನೇ ಸೊರಗಿತು. "ಆಲು ಬುಟ್ಟು ಮಗೀಗೆ ಇನ್ನೇನ್ ಕುಡುಸ್ಬೋದವ್ವಾ?" ಎಂದು ಹಾಲು ಅಳೆಯುತ್ತಲೇ ಕೇಳುವಳು, ಉತ್ತರ ಮುಗಿಯುವುದರೊಳಗೆ ಮುಂದಿನ ಬಾಗಿಲಲ್ಲಿರುವಳು. ಕೊನೆಗೆ ಯಾರೋ ಹೇಳಿದಂತೆ ಮೊಳಕೆ ರಾಗಿ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಕಾಯಿಸಿ ಕುಡಿಸಿದಳು. ಕೂಸಿನ ಕೆನ್ನೆ ತುಂಬಿತು. ಆದರೂ ಅವಳ ಚಡಪಡಿಕೆ ತಗ್ಗಲಿಲ್ಲ. ವ್ಯಾಪಾರ ಮುಗಿಸಿ ಓಡೋಡಿ ಬಂದವಳು, ಕೂಸು ಕೈಚಾಚಿ ಅತ್ತರೂ ಎತ್ತಿಕೊಳ್ಳದೆ, "ಬಂದೆ ಕಂದಾ, ಬಂದೆ" ಎನ್ನುತ್ತಾ ಸೀಗೆಪುಡಿ ಹಾಕಿ ಹಾಲು ತಾಗಿದ ಕೈಗಳನ್ನು ಮೊಣಕೈವರೆಗೂ ಉಜ್ಜುವಳು. ಮೂಸಿ ನೋಡಿ, ಮತ್ತೆ ಉಜ್ಜುವಳು.