ಬೀಸುಕಲ್ಲಿನ ಮುಂದೆ ಫ್ರೆಂಚ್

ತಮಿಳುನಾಡಿಗೆ ಸೇರಿದ ಗಡಿಯೂರು ತಿಗನಾರೆಯಲ್ಲಿ ಕನ್ನಡ ಮೀಡಿಯಂ ಓದಿ, ದಿಂಬಂ ಘಾಟಿ ಇಳಿದು ಕೊಯಮತ್ತೂರಿನ ಕಾಲೇಜು ಸೇರಿದ ನನಗೆ ತಮಿಳು ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಅಲ್ಲಿ ಭಾಷಾ ವಿಷಯಗಳಲ್ಲಿ ಕನ್ನಡ ಇರಲಿಲ್ಲ. ಎಲ್ಲರಿಗೂ ಮೊದಲಕ್ಷರದಿಂದ ಕಲಿಸುತ್ತಾರೆಂಬ ಒಂದೇ ಧೈರ್ಯಕ್ಕೆ ಫ್ರೆಂಚ್ ತೆಗೆದುಕೊಂಡೆ. ಎಪ್ಪತ್ತರ ದಶಕದ ಕೊನೆಯ ಮಾತು. ಒಂದು ವಿಷಯ ಹೋದರೂ ಓದು ಬಿಡಿಸಿ ಮದುವೆ ಮಾಡುವುದೇ ಎಂದು ಅಪ್ಪ ಹೇಳಿಬಿಟ್ಟಿದ್ದರು.

ಪರೀಕ್ಷಕರ ಎದುರು ಕೂತು ಗಟ್ಟಿಯಾಗಿ ಓದುವ ಪರೀಕ್ಷೆಯೂ ಇತ್ತು. ಅದರದ್ದೇ ಭಯ. ರಜೆಗೆ ಬಂದವಳು ಅವ್ವನ ಎದುರು ಬೀಸುಕಲ್ಲಿಗೆ ಕೂತೆ. ಇಬ್ಬರೂ ಒಂದೇ ಗೂಟ ಹಿಡಿದು ರಾಗಿ ಬೀಸುತ್ತ, ಸುತ್ತಿಗೊಂದರಂತೆ ಪದ ಬಿಡಿಸಿದೆವು. ಅ-ನಿ-ಮಲ್. ಕ-ಮ-ರಾದ್. ಅಕ್ಷರ ಕಲಿಯದ ಅವ್ವ ಚೆನ್ನಾಗಿಯೇ ಹೇಳುತ್ತಿದ್ದಳು.

“ಇನ್ನೊಂದ್ ಏಳವ್ವ, ಇದು ಬಾಯ್ಗೆ ಬತ್ತದೆ ಕಣ” ಎಂದು ನಗುತ್ತಿದ್ದಳು. ಅವಳು ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಗೂಟ ಎಳೆಯುವಾಗ ಪದದ ಮೊದಲ ತುಂಡಿಗೆ ದಮ್ಮು ಬೀಳುತ್ತಿತ್ತು. ಕಲ್ಲು ತಾನಾಗಿ ತಿರುಗುವಷ್ಟರಲ್ಲಿ ಕೊನೆಯದು ಉಸಿರಿನಲ್ಲೇ ಅಡಗಿಹೋಗುತ್ತಿತ್ತು. ಫ್ರೆಂಚಿನಲ್ಲಿ ಕೊನೆಯದೇ ಕೇಳಿಸಬೇಕು. ಕಾಲೇಜಿನ ಫ್ರೆಂಚ್ ಮೇಡಂ ಅದನ್ನು ಹೇಳಿಕೊಟ್ಟಿದ್ದರು, ಮರೆತವಳು ನಾನು.

ಪರೀಕ್ಷಕರು ಮೂರನೇ ಸಾಲಿಗೇ ಕೈಯೆತ್ತಿ ನಿಲ್ಲಿಸಿದರು. ಫೇಲಾದೆ.

ಮನೆಗೆ ಬಂದು ಅವ್ವನ ಮೇಲೆ ಹರಿಹಾಯ್ದೆ. “ನಿನ್ ಜೊತ್ಗೆ ಕೂತು ಕೆಟ್ಟೆ. ಅಕ್ಸರ ಗೊತ್ತಿಲ್ದೋಳು ಯಾಕ್ ಬಾಯಾಕ್ದೆ?”

ಅವ್ವ ಕೈಗೆ ಮೆತ್ತಿದ್ದ ಹಿಟ್ಟು ಒರೆಸಿಕೊಂಡು ಎದ್ದುಹೋದಳು. ಮಾರನೆಯ ದಿನ ಅಪ್ಪನ ಕಾಲು ಹಿಡಿದು, ಇನ್ನೊಂದು ಸಲ ಪರೀಕ್ಷೆ ಕಟ್ಟಲಿ ಎಂದು ಒಪ್ಪಿಸಿದವಳೂ ಅವಳೇ. ಅದು ಗೊತ್ತಾದ ಮೇಲೂ ನಾನು ಮೆತ್ತಗಾಗಲಿಲ್ಲ. ಅಷ್ಟು ಸೊಕ್ಕು.

ಮುಂದಿನ ರಜೆಯಲ್ಲಿ ಮೂಲೆಯಲ್ಲಿ ಒಬ್ಬಳೇ ಕೂತು ಓದಿದೆ. ಅವ್ವ ಒಬ್ಬಳೇ ಬೀಸಿದಳು, ತುಟಿ ಬಿಚ್ಚಲಿಲ್ಲ. ನನಗೆ ತೊಂದರೆಯಾದೀತೆಂದು ಬೀಸುವಾಗಿನ ಪದವನ್ನೂ ಹಾಡಲಿಲ್ಲ.

ಪಾಸಾದೆ. ಬಸ್ಸಿಳಿದವಳೇ ಓಡಿಬಂದು ಹೇಳಿದೆ. ಅವ್ವನ ಮುಖ ಅರಳಿತು. ಕೆನ್ನೆ ಸವರಿ, ಒಂದಿಷ್ಟೂ ಕೊಂಕಿಲ್ಲದೆ ಅಂದಳು:

“ಈ ಸಲ ನಾ ಬಾಯಾಕ್ನಿಲ್ವಲ್ಲ, ಅದ್ಕೇ ಆಯ್ತು ಕಣವ್ವ.”

ಅಲ್ಲ ಎನ್ನಬೇಕಿತ್ತು. ನಾನು ಹೂಂ ಅಂದೆ.