ಚೀಟಿಯ ಇನ್ನೊಂದು ತುಂಡು

ಚೀಟಿಯಣ್ಣನನ್ನು ನಾನು ಮೊದಲು ಕಂಡ ದಿನ ಅವನು ನನ್ನನ್ನು ಬರಿಗೈಯಲ್ಲಿ ವಾಪಸು ಕಳಿಸಿದ್ದ.

ನನ್ನ ಯಜಮಾನರು ಆಸ್ಪತ್ರೆಗೆ ಹೋಗುವಾಗ ತಮ್ಮ ಕೆಲಸದ ಚೀಲವನ್ನು ಬಸ್ ನಿಲ್ದಾಣದ ಸಾಮಾನು ಕೋಣೆಯಲ್ಲಿ ಬಿಟ್ಟುಹೋಗಿದ್ದರು. ಹೋದವರು ಬರಲಿಲ್ಲ. ಹರಿದ ಚೀಲಗಳಿಗೆ ಹಿಡಿ ಹಾಕುವುದು, ಪಟ್ಟಿ ಹೊಲಿಯುವುದು ಅವರ ಕಸುಬು. ದಬ್ಬಳ, ಮೇಣ ತಿಕ್ಕಿದ ದಾರ, ತೊಗಲಿನ ತುಂಡು ಎಲ್ಲ ಆ ಚೀಲದಲ್ಲೇ ಇತ್ತು. ನಾನು ಹೋಗಿ ಕೇಳಿದೆ. ಕಿಟಕಿಯ ಆಚೆ ನಿಂತಿದ್ದ ಸಣಕಲು ಮನುಷ್ಯ ಕೈ ಚಾಚಿದ.

"ಚೀಟಿ?"

"ಚೀಟಿ ಅವರ ಹತ್ರ ಇತ್ತಪ್ಪ. ಅವರೇ ಇಲ್ಲ ಈಗ."

ಅವನು ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡ. ಆಮೇಲೆ ಹೇಳಿದ. "ಅಕ್ಕಾ, ಚೀಟಿ ಯಾರ ಕೈಲಿದೆಯೋ ಸಾಮಾನು ಅವರದು. ಅತ್ತುಬಿಟ್ಟರು ಅಂತ ನಾನು ಕೊಡ್ತಾ ಹೋದ್ರೆ ನಾಳೆ ಇಲ್ಲಿ ಬರೀ ಅಳೋರೇ ಬರ್ತಾರೆ. ಮನೆಗೆ ಹೋಗಿ ಅವರ ಜೇಬು ನೋಡು."

ನನಗೆ ಮೈ ಉರಿಯಿತು. ಆದರೂ ಹೋಗಿ ನೋಡಿದೆ. ಆಸ್ಪತ್ರೆಯವರು ಮಡಿಸಿಕೊಟ್ಟ ಅಂಗಿಯ ಜೇಬಿನಲ್ಲಿ ಅರ್ಧ ರಟ್ಟಿನ ಚೀಟಿ ಇತ್ತು. ಮಾರನೆಯ ದಿನ ತಂದುಕೊಟ್ಟೆ. ಅವನು ಚೀಲಕ್ಕೆ ಕಟ್ಟಿದ್ದ ಇನ್ನರ್ಧದ ಪಕ್ಕ ಅದನ್ನಿಟ್ಟ. ಹರಿದ ಅಂಚಿಗೆ ಹರಿದ ಅಂಚು ಹಲ್ಲಿಗೆ ಹಲ್ಲು ಕೂಡಿದ ಹಾಗೆ ಕೂತಿತು. ಆಗ ಎರಡೂ ಕೈಯಲ್ಲಿ ಚೀಲ ಎತ್ತಿ ಕೊಟ್ಟ. "ಹರಿದ ಅಂಚು ಸುಳ್ಳು ಹೇಳಲ್ಲ ಅಕ್ಕಾ," ಅಂದ.

ಹೊಟ್ಟೆಪಾಡು ಇತ್ತು. ದಬ್ಬಳ ಹಿಡಿಯುವುದನ್ನು ಯಜಮಾನರ ಪಕ್ಕ ಕೂತೇ ಕಲಿತಿದ್ದೆ. ಆ ಕೋಣೆಯ ಬಾಗಿಲ ಪಕ್ಕದಲ್ಲೇ ಒಂದು ಗೋಣಿ ಹಾಸಿಕೊಂಡು ಕೂತೆ. ಅವನು ಏಳು ಅನ್ನಲಿಲ್ಲ. ಹಾಗೆ ಕೂತವಳು ಇವತ್ತಿಗೂ ಅಲ್ಲೇ ಇದ್ದೇನೆ.

ಅವನ ಹೆಸರು ಏನೋ ಇತ್ತು, ಯಾರೂ ಕರೆಯುತ್ತಿರಲಿಲ್ಲ; ಎಲ್ಲರಿಗೂ ಅವನು ಚೀಟಿಯಣ್ಣ. ಅವನಿಗೆ ಹಿಂದೆ ಮುಂದೆ ಯಾರೂ ಇಲ್ಲ. ಸಾಮಾನು ಇಡುವ ಹಲಗೆಗಳ ಹಿಂದೆ ಒಂದು ಸಣ್ಣ ಜಾಗ. ಅಲ್ಲೊಂದು ಮಂಚ, ಒಂದು ಒಲೆ, ಮೊಳೆಗೆ ಒಂದು ಅಂಗಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಅದೇ ಅವನ ಮನೆ. ಬಸ್ಸಿನ ಮೇಲೆ ಹೋಗುವ ಸಾಮಾನಿಗೂ ಅವನೇ ಚೀಟಿ ಕಟ್ಟಬೇಕು; ದಿನವೆಲ್ಲ ಅದರ ಮೇಲೆ ಊರುಗಳ ಹೆಸರು ಬರೆಯುತ್ತಿದ್ದ. ಎಲ್ಲ ಊರೂ ನಾಲಿಗೆಯ ತುದಿಯಲ್ಲಿತ್ತು, ಒಂದರ ಮಣ್ಣೂ ಕಾಲಿಗೆ ಹತ್ತಿರಲಿಲ್ಲ.

ಅವನು ಚೀಟಿ ಮಾಡುವುದನ್ನು ನೋಡಬೇಕಿತ್ತು. ರಟ್ಟಿನ ಎರಡೂ ಕಡೆ ಸೀಸದಕಡ್ಡಿಯಲ್ಲಿ ಬರೆಯುವುದು. ಅದರ ಮೇಲೆ ಮೇಣದಬತ್ತಿ ತಿಕ್ಕುವುದು. ಆಮೇಲೆ ದೀಪದ ಚಿಮಣಿಯ ಮೇಲೆ ಹಿಡಿದು ಮೇಣ ಇಳಿಯುವಷ್ಟೇ ಕಾಯಿಸುವುದು. ಬಸ್ಸಿನ ನೆತ್ತಿಯ ಮೇಲೆ ಎಷ್ಟು ಮಳೆ ಹೊಯ್ದರೂ ಅಕ್ಷರ ಅಳಿಯುತ್ತಿರಲಿಲ್ಲ. ಕೊನೆಗೆ ನಡುವೆ ಸೊಟ್ಟಗೆ ಹರಿದು ಒಂದು ತುಂಡು ಸಾಮಾನಿಗೆ, ಒಂದು ತುಂಡು ಅದರ ಒಡೆಯನಿಗೆ.

ಒಂದು ದಿನ ನಿಲ್ದಾಣದ ಮೇಲ್ವಿಚಾರಕ ಒಂದು ರಟ್ಟಿನ ಪೆಟ್ಟಿಗೆ ತಂದು ಅವನ ಮೇಜಿನ ಮೇಲಿಟ್ಟ.

"ನಿನ್ನ ಮೇಣದ ಆಟ ಮುಗೀತು. ಇನ್ನು ಪ್ರಿಂಟರ್ ಚೀಟಿ. ತಿಂಗಳ ಕೊನೆಗೆ ದೊಡ್ಡ ಸಾಹೇಬರು ಬರ್ತಾರೆ. ಅಷ್ಟರಲ್ಲಿ ಇದರಿಂದ ಚೀಟಿ ಬರಬೇಕು. ಬರಲಿಲ್ಲ ಅಂದ್ರೆ ಕೋಣೆಗೆ ಬೀಗ."

"ಬೀಗ ಅಂದ್ರೆ, ಹಿಂದಿನ ಜಾಗಕ್ಕೂನಾ?"

"ಹಿಂದು ಮುಂದು ಎಲ್ಲ ಒಂದೇ ಕೋಣೆ ತಾನೆ?"

ಚೀಟಿಯಣ್ಣ ತಲೆಯಾಡಿಸಿದ. ಮೇಲ್ವಿಚಾರಕ ಹೋದ ಮೇಲೆ ಪೆಟ್ಟಿಗೆಗೆ ಕಟ್ಟಿದ್ದ ಪಟ್ಟಿಯನ್ನು ಕತ್ತರಿಸಲಿಲ್ಲ, ಗಂಟು ಹುಡುಕಿ ಬಿಚ್ಚಿದ. ಒಳಗೆ ಇಟ್ಟಿಗೆಯಷ್ಟು ದೊಡ್ಡ ಕಪ್ಪು ಯಂತ್ರ, ಸಣ್ಣ ಪರದೆ ಇದ್ದ ಒಂದು ಕೀಲಿಮಣೆ, ಬಿಳಿ ಚೀಟಿಗಳ ಸುರುಳಿ, ಬರೀ ಚಿತ್ರಗಳಿದ್ದ ಒಂದು ಕಾಗದ. ಅವನು ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದ.

"ಏನು ಹುಡುಕ್ತೀಯೋ?" ಅಂದೆ.

"ಮಸಿ ಅಕ್ಕಾ. ಮಸಿ ಬಾಟ್ಲಿ ಇಡೋದು ಮರೆತಿದ್ದಾರೆ."

ಮಸಿ ಇಲ್ಲದೆಯೂ ನೋಡೋಣ ಅಂತ ಸುರುಳಿ ಕೂರಿಸಿ, ಮುಚ್ಚಳ ಹಾಕಿ, ಒಂದು ಹೆಸರು ಒತ್ತಿದ. ಯಂತ್ರ ಜೀರ್ ಅಂತ ಒಂದು ಚೀಟಿ ಹೊರಗೆ ಹಾಕಿತು. ಬಿಳಿ. ಇನ್ನೊಮ್ಮೆ ಒತ್ತಿದ. ಅದೂ ಬಿಳಿ.

ದೂರದ ಬಸ್ಸಿನ ಡ್ರೈವರ್ ಕಿಟಕಿಯಲ್ಲಿ ತಲೆ ತೂರಿಸಿದ. "ಏನು ಚೀಟಿಯಣ್ಣ, ಹೊಸ ಹೆಂಡ್ತಿ ಬಾಯಿ ಬಿಟ್ಟಳಾ?"

"ಬಿಟ್ಟಿದ್ದಾಳೆ. ನಾಲಿಗೆ ಚಾಚಿ ಅಣಕಿಸ್ತಿದ್ದಾಳೆ."

ಡ್ರೈವರ್ ನಗುತ್ತಾ ಹೋದ. ಇವನು ನಗಲಿಲ್ಲ. ಹಲವು ದಿನ ಹಾಗೇ ನಡೆಯಿತು. ಗಿರಾಕಿ ಬಂದರೆ ಹಳೆಯ ರಟ್ಟಿನ ಚೀಟಿ, ಹೋದರೆ ಯಂತ್ರದ ಮುಂದೆ. ಒಲೆ ಹಚ್ಚುವುದನ್ನೇ ಬಿಟ್ಟ. ನಾನು ನನ್ನ ಬುತ್ತಿಯಲ್ಲಿ ಅರ್ಧ ಎತ್ತಿ ಕಿಟಕಿಯಲ್ಲಿಡುತ್ತಿದ್ದೆ. ನನಗೂ ಮನೆಯಲ್ಲಿ ಮಾತಾಡಲು ಗೋಡೆ ಬಿಟ್ಟರೆ ಇನ್ಯಾರು?

ಒಂದು ಮಧ್ಯಾಹ್ನ ಅವನು ಸೋತು ಆ ಬಿಳಿ ಚೀಟಿಯ ಮೇಲೆ ಸೀಸದಕಡ್ಡಿಯಲ್ಲೇ ಬರೆದ. ಯಂತ್ರದ ಚೀಟಿ ಯಂತ್ರದ ಚೀಟಿಯೇ ತಾನೆ, ಸಾಹೇಬರಿಗೆ ದೂರದಿಂದ ತೋರಿಸಿದರಾಯಿತು ಅಂತ ಅವನ ಲೆಕ್ಕ. ಬರೆದವನು ಕೈಗೆ ಬಂದ ಅಭ್ಯಾಸದಂತೆ ಮೇಣ ತಿಕ್ಕಿ ಚಿಮಣಿಯ ಮೇಲೆ ಹಿಡಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಚೀಟಿ ಕಾಗೆಯ ಹಾಗೆ ಕಪ್ಪಾಯಿತು. ಸುಟ್ಟಿರಲಿಲ್ಲ, ಹೊಗೆಯೂ ಇಲ್ಲ. ಬರೀ ಕಪ್ಪು.

ಅವನು ಅದನ್ನು ನನ್ನ ಮುಂದೆ ಹಿಡಿದ. "ಅಕ್ಕಾ, ಇದೇನಿದು?"

ನಾನು ತಿರುಗಿಸಿ ನೋಡಿದೆ. ಹಿಂದಿನ ಮೈ ಬಿಳಿಯಾಗೇ ಇತ್ತು. "ತೊಗಲಿನ ಹಾಗೆ ಕಣೋ ಇದು. ಒಂದು ಮೈ ಬಣ್ಣ ಹಿಡಿಯುತ್ತೆ, ಒಂದು ಮೈ ಹಿಡಿಯಲ್ಲ."

ಅವನು ಚೀಟಿಯನ್ನು ನೋಡಿದ, ಯಂತ್ರವನ್ನು ನೋಡಿದ. ಮುಚ್ಚಳ ತೆಗೆದು ಒಳಗಿನ ಪಟ್ಟಿಯ ಮೇಲೆ ಬೆರಳಿಟ್ಟು ಚುರುಕ್ ಅಂತ ಎಳೆದುಕೊಂಡ. "ಬಿಸಿ ಇದೆ. ಮಸಿ ಕಾಗದದ ಒಳಗೇ ಇದೆ ಅಕ್ಕಾ. ಇವಳು ಬಿಸಿ ಮುಟ್ಟಿಸಿ ಅಕ್ಷರ ಎಬ್ಬಿಸ್ತಾಳೆ. ನಾನು ಕಾಗದಾನ ಬೆನ್ನು ಮೇಲಾಗಿ ಮಲಗಿಸಿದ್ದೆ."

ಸುರುಳಿ ತಿರುಗಿಸಿ ಹಾಕಿದ. ಅಕ್ಷರ ಬಂತು. ಆದರೆ ಹೆಸರು ಒಂದು ಚೀಟಿಯ ಬಾಲದಲ್ಲಿ, ಊರು ಮುಂದಿನ ಚೀಟಿಯ ತಲೆಯಲ್ಲಿ. ಒಬ್ಬನ ತಲೆ ಇನ್ನೊಬ್ಬನ ಮುಂಡಕ್ಕೆ ಹಚ್ಚಿದ ಹಾಗೆ. ಆಮೇಲೆ ಚಿತ್ರದ ಕಾಗದವನ್ನು ದಿನವೆಲ್ಲ ನೋಡಿ ಅದರ ಗುಟ್ಟು ಹಿಡಿದ. ಗುಂಡಿಯನ್ನು ದೀಪ ಮಿಣುಕುವವರೆಗೆ ಒತ್ತಿ ಹಿಡಿದರೆ ಯಂತ್ರ ಖಾಲಿ ಚೀಟಿಗಳನ್ನು ಎಳೆದು, ಎರಡು ಚೀಟಿಗಳ ನಡುವಿನ ಸಂದು ಎಲ್ಲಿದೆ ಅಂತ ತಾನೇ ತಡವಿ ನೋಡಿಕೊಳ್ಳುತ್ತದೆ. ಅದಾದ ಮೇಲೆ ಒಂದು ಚೀಟಿಗೆ ಒಂದೇ ಹೆಸರು, ನೆಟ್ಟಗೆ.

ಅವನಿಗೆ ಒಂದು ಕೊರಗು. ಚೀಟಿಯ ನಡುವೆ ಸಾಲಾಗಿ ತೂತು ಹೊಡೆದಿತ್ತು; ಎಲ್ಲವೂ ಒಂದೇ ತರಹ ಹರಿಯುತ್ತಿತ್ತು. "ಅಂಚು ನೋಡಿ ಗುರುತು ಹಿಡಿಯೋ ಹಾಗಿಲ್ಲ. ಎರಡೂ ತುಂಡಿನ ಮೇಲಿರೋ ನಂಬರೇ ಗತಿ," ಅಂದ. ಇನ್ನೊಂದು ದೋಷ ನನಗೆ ತೋರಿಸಿದ. ಕಿಟಕಿಯ ಬಿಸಿಲಲ್ಲಿ ಇಟ್ಟಿದ್ದ ಚೀಟಿಯ ಅಕ್ಷರ ದಿನ ಕಳೆದಂತೆ ಮಾಸಿತ್ತು. ಡಬ್ಬಿಯೊಳಗೆ ಕತ್ತಲಲ್ಲಿ ಇಟ್ಟದ್ದು ಹಾಗೇ ಇತ್ತು. "ನೆರಳಲ್ಲಿಟ್ಟರೆ ಬಾಳುತ್ತೆ. ಹೊರಗೆ ಬಿಟ್ಟರೆ ಮರೆತುಬಿಡುತ್ತೆ."

ದೊಡ್ಡ ಸಾಹೇಬರು ಬಂದರು. ಚೀಟಿಯಣ್ಣ ಹೊಸದಾಗಿ ಒಗೆದ ಅಂಗಿ ಹಾಕಿದ್ದ. ಅವರ ಕೈಚೀಲಕ್ಕೇ ಒಂದು ಚೀಟಿ ಒತ್ತಿ ಕೊಟ್ಟ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇಷ್ಟು ಸಲೀಸಾ ಇದು?" ಅಂದರು.

"ಸಲೀಸು ಸಾರ್. ಯಾರು ಬೇಕಾದ್ರೂ ಒತ್ತಬಹುದು." ಸಂತೋಷದಲ್ಲಿ ಅವನ ಬಾಯಿಂದ ಬಂದ ಮಾತು ಅದು.

ಯಾರು ಬೇಕಾದರೂ ಒತ್ತುವ ಹಾಗಿದ್ದರೆ ಅದಕ್ಕೊಂದು ಕೋಣೆ, ಒಬ್ಬ ಆಳು ಯಾಕೆ? ಮುಂದಿನ ವಾರ ಮೇಲ್ವಿಚಾರಕ ಬಂದು ಹೇಳಿದ. ಯಂತ್ರ ಟಿಕೆಟ್ ಕಿಟಕಿಗೆ ಹೋಗುತ್ತದೆ. ಟಿಕೆಟ್ ಕೊಡುವಾಕೆಯೇ ಚೀಟಿಯನ್ನೂ ಕೊಡುತ್ತಾಳೆ. ಸಾಮಾನು ಇಟ್ಟುಕೊಳ್ಳುವ ಪದ್ಧತಿ ನಿಲ್ಲುತ್ತದೆ. ಚೀಟಿಯಣ್ಣನಿಗೆ ಊರಾಚೆ ದೂರದಲ್ಲಿ, ಹಳೆಯ ಬಸ್ಸುಗಳನ್ನು ನಿಲ್ಲಿಸುವ ಷೆಡ್ಡಿನಲ್ಲಿ ಕಾವಲು ಕೆಲಸ. ಮಲಗಲು ಅಲ್ಲೊಂದು ತಗಡಿನ ಗೂಡು.

ನಾನು ಸುಮ್ಮನಿರಲಾಗದೆ ಅಂದೆ. "ಕೊಡಲಿ ಕಾವು ಕುಲಕ್ಕೆ ಮುಳುವು ಅಂತಾರೆ. ನೀನೇ ಕೂತು ಕಾವು ಹೆರೆದು ಕೊಟ್ಟೆಯಲ್ಲೋ."

"ಏನು ಮಾಡಲಿ ಅಕ್ಕಾ. ಕೆಟ್ಟಿದ್ದರೂ ಬೀಗ, ಸರಿಯಾದರೂ ಬೀಗ. ಕೆಟ್ಟ ಕೆಲಸ ಮಾಡಿ ಹೋಗೋಕಿಂತ ಒಳ್ಳೇದಾಯ್ತು ಬಿಡು."

ಟಿಕೆಟ್ ಕಿಟಕಿಯಾಕೆಗೆ ಅವನೇ ಕಲಿಸಿದ. ಸುರುಳಿಯ ಬೆನ್ನು ಯಾವುದು, ಹೊಟ್ಟೆ ಯಾವುದು, ಗುಂಡಿ ಎಷ್ಟು ಹೊತ್ತು ಹಿಡಿಯಬೇಕು, ಎಲ್ಲ. ಆಕೆ ಉಗುರು ನೋಡಿಕೊಳ್ಳುತ್ತಾ, "ಗೊತ್ತಾಯ್ತು ಬಿಡಿ ಮಾರಾಯ್ರೆ, ಮಗಳನ್ನ ಗಂಡನ ಮನೆಗೆ ಕಳಿಸೋ ಹಾಗೆ ಆಡ್ತೀರಲ್ಲ," ಅಂದಳು. ಅವನು ಬಟ್ಟೆಯಿಂದ ಯಂತ್ರದ ಮೈ ಒರೆಸುತ್ತಲೇ ಇದ್ದ.

ಹೊರಡುವ ಹಿಂದಿನ ದಿನ ಅವನ ಚೀಲ ನನ್ನ ಕೈಗೆ ಬಂತು. ಊರೂರಿನ ಸಾಮಾನು ಕಾದವನ ಸ್ವಂತ ಚೀಲಕ್ಕೆ ಹಿಡಿಯೇ ಇರಲಿಲ್ಲ. ಯಜಮಾನರ ಕಾಲದ ಒಳ್ಳೆಯ ತೊಗಲು ಒಂದು ತುಂಡು ಉಳಿದಿತ್ತು. ಎರಡು ಸಾಲು ಹೊಲಿಗೆ ಹಾಕಿ ಹಿಡಿ ಮಾಡಿದೆ. ಅವನು ಎಳೆದು ನೋಡಿ, "ಇದು ನನಗಿಂತ ಜಾಸ್ತಿ ದಿನ ಇರುತ್ತೆ," ಅಂದ.

ಬೆಳಿಗ್ಗೆ, ಯಂತ್ರವನ್ನು ಎತ್ತಿಕೊಂಡು ಹೋಗಲು ಜನ ಬರುವ ಮೊದಲು, ಅವನು ಕೊನೆಯ ಸಲ ಅದರ ಮುಂದೆ ನಿಂತ. ಒಂದೊಂದೇ ಕೀಲಿ ಒತ್ತಿದ. ನನಗೆ ಓದು ಕೂಡಿಸಿ ಕೂಡಿಸಿಯೇ ಬರುವುದು. ಆದರೂ ಹೊರಬಂದ ಚೀಟಿಯಲ್ಲಿ ಅವನ ಹೆಸರು ಓದಿದೆ. ಇಷ್ಟು ದಿನದಲ್ಲಿ ಅದನ್ನು ಕಂಡದ್ದು ಅದೇ ಮೊದಲು. ಹಲಗೆಗಳೆಲ್ಲ ಖಾಲಿಯಾಗಿದ್ದವು. ಹಲ್ಲು ಬಿದ್ದ ಬಾಯಿಯ ಹಾಗಿತ್ತು ಕೋಣೆ. ಅವನು ಚೀಟಿಯನ್ನು ತೂತಿನ ಸಾಲಲ್ಲಿ ಹರಿಯಲಿಲ್ಲ. ಮೊದಲಿನ ಹಾಗೆ ಪಕ್ಕಕ್ಕೆ ಸೊಟ್ಟಗೆ ಹರಿದ. ಉದ್ದದ ತುಂಡನ್ನು ನಾನು ಹಾಕಿದ ಹಿಡಿಗೆ ಸುತ್ತಿ ಅಂಟಿಸಿದ. ಸಣ್ಣ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ನಿಂತ.

"ಅದನ್ನ ಜೇಬಿಗೆ ಹಾಕ್ಕೊ," ಅಂದೆ. "ಇಳಿಯುವಾಗ ಕೇಳಿದ್ರೆ?"

"ನನ್ನ ಚೀಲ ನನ್ನ ತೊಡೆ ಮೇಲೇ ಇರುತ್ತೆ, ಯಾರು ಕೇಳ್ತಾರೆ? ಆದ್ರೆ ಇನ್ನೊಂದು ತುಂಡು ಯಾರ ಕೈಲೂ ಇಲ್ಲ ಅಂದ್ರೆ ಅದು ವಾರಸುದಾರರಿಲ್ಲದ ಸಾಮಾನು ಅಕ್ಕಾ. ಅಂಥವನ್ನ ಎಷ್ಟು ನೋಡಿಲ್ಲ ನಾನು, ಇದೇ ಹಲಗೆ ಮೇಲೆ."

ಹೊರಗೆ ಬಸ್ಸಿನವನು ಹಾರ್ನ್ ಹೊಡೆದ. ಅವನು ಕಿಟಕಿಯ ಒಳಗಿನಿಂದ, ಸಾಮಾನು ಕೊಡುವಾಗಿನ ಹಾಗೆ ಎರಡೂ ಕೈ ಚಾಚಿ, ಆ ಸಣ್ಣ ತುಂಡನ್ನು ನನ್ನ ಕಡೆ ಹಿಡಿದ.

"ಬಿಸಿಲು ತಾಗದ ಹಾಗೆ ಎಲ್ಲಾದ್ರೂ ಇಟ್ಕೊಂಡಿರ್ತೀಯಾ, ಅಕ್ಕಾ?"